‘ಬರಲಿಲ್ಲ’ದೊಳಗೆ ಭೂತಕಾಲ ಎಲ್ಲಿದೆ?

ಪ್ರಶ್ನೆ: ನಾನು ಭಾಷಾವಿಜ್ಞಾನದ ಎಂ.ಎ. ವಿದ್ಯಾರ್ಥಿನಿ, ಊರು ಧಾರವಾಡದ ಕಡೆ. ‘ಬಂದನು’ ಎಂಬಲ್ಲಿ ‘ದ’ ಭೂತಕಾಲದ ಪ್ರತ್ಯಯ ಎಂದು ಶಾಲೆಯಲ್ಲಿ ಕಲಿತೆ. ‘ಬರಲಿಲ್ಲ’ ಕೂಡ ಭೂತಕಾಲವೇ, ಆದರೆ ಅದರಲ್ಲಿ ಆ ‘ದ’ ಇಲ್ಲ. ಹಾಗಾದರೆ ಕಾಲ ಎಲ್ಲಿಂದ ಬಂತು? ಕನ್ನಡದ ಕ್ರಿಯಾಪದಕ್ಕೆ ಕಾಲವೇ ಇಲ್ಲ ಎಂದು ವಾದಿಸುವವರಿದ್ದಾರಂತೆ, ನಿಜವೇ? ಬೇರೆ ಭಾಷೆಗಳಲ್ಲಿ ಹೇಗೆ? ನಮ್ಮ ಕಡೆಯ ಮಾತಿನಲ್ಲಿ ಇದನ್ನು ಪರೀಕ್ಷಿಸಿ ಕಿರುಪ್ರಬಂಧ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಕೈಯಿಟ್ಟಿದೆ. ಭಾಷೆಯ ರಚನೆಯನ್ನು ಖಚಿತ ನಿಯಮಗಳಲ್ಲಿ ವಿವರಿಸುವ ಫಾರ್ಮಲ್ ಲಿಂಗ್ವಿಸ್ಟಿಕ್ಸ್‌ನಲ್ಲಿ ಕನ್ನಡದ ಹೆಸರು ಪದೇ ಪದೇ ಕೇಳಿಬರುವುದಕ್ಕೆ ಈ ‘ಇಲ್ಲ’ವೇ ಒಂದು ದೊಡ್ಡ ಕಾರಣ.

ಮೊದಲು ರೂಪಗಳನ್ನು ಬಿಡಿಸೋಣ. ‘ಬಂದನು’ ಎಂಬಲ್ಲಿ ಮೂರು ತುಂಡುಗಳಿವೆ: ಧಾತು, ‘ದ್’, ಮತ್ತು ಕರ್ತೃವನ್ನು ಹಿಂಬಾಲಿಸುವ ‘ಅನು’. ‘ಬರಲಿಲ್ಲ’ ಎಂಬಲ್ಲಿಯೂ ಮೂರಿವೆ: ‘ಬರ್’, ‘ಅಲ್’, ‘ಇಲ್ಲ’. ಈ ‘ಅಲ್’ ನಿಮಗೆ ‘ಬರಲು ಹೇಳು’ ಎಂಬಲ್ಲಿ ಸಿಗುವ ಅದೇ ‘ಅಲು’. ಅದಕ್ಕೆ ತನ್ನದೇ ಆದ ಕಾಲವಿಲ್ಲ. ‘ಬರುವುದಿಲ್ಲ’ ಎಂಬಲ್ಲಿ ‘ಇಲ್ಲ’ದ ಹಿಂದಿರುವುದು ‘ಬರುವುದು’ ಎಂಬ ಭಾವನಾಮ. ‘ಬಂದಿಲ್ಲ’ ಎಂಬಲ್ಲಿ ‘ಬಂದು’, ‘ಬರುತ್ತಿಲ್ಲ’ ಎಂಬಲ್ಲಿ ‘ಬರುತ್ತ’. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ‘ಇಲ್ಲ’ದ ಹಿಂದೆ ಬರುವುದು ಯಾವಾಗಲೂ ಅಪೂರ್ಣ ಕ್ರಿಯೆ, ಒಂಟಿಯಾಗಿ ವಾಕ್ಯವನ್ನು ಮುಗಿಸಲಾರದ ರೂಪ. ಜತೆಗೆ ನಾನು, ಅವಳು, ಅವರು ಯಾರೇ ಕರ್ತೃವಾದರೂ ‘ಬರಲಿಲ್ಲ’ ಬದಲಾಗುವುದಿಲ್ಲ. ನಿಷೇಧ ಬಂದ ಕೂಡಲೇ ಕಾಲದ ಪ್ರತ್ಯಯವೂ ಹೋಯಿತು, ಪುರುಷ-ಲಿಂಗ-ವಚನದ ಪ್ರತ್ಯಯವೂ ಹೋಯಿತು.

ಹೈದರಾಬಾದಿನಲ್ಲಿ ಕೆಲಸ ಮಾಡಿದ ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಶೀಲನ್ 2005ರ ಲೇಖನದಲ್ಲಿ ಇದಕ್ಕೆ ಕೊಟ್ಟ ವಿವರಣೆ ಹೀಗಿದೆ. ವಾಕ್ಯವನ್ನು ಪೂರ್ಣ ಮಾಡುವ ಒಂದು ಜಾಗ ಇದೆ. ಇಂಗ್ಲಿಷಿನಲ್ಲಿ ಆ ಜಾಗ ಕಾಲದ್ದು. ಕನ್ನಡದಲ್ಲಿ ಅದು ‘ಅರ್ಥ’ದ್ದು, ಅಂದರೆ ನಮ್ಮ ವ್ಯಾಕರಣ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಕರೆಯುವ ಬಗೆಯದ್ದು. ಆ ಜಾಗದಲ್ಲಿ ಒಬ್ಬರಿಗೇ ಕುಳಿತುಕೊಳ್ಳಲು ಅವಕಾಶ. ಹೇಳಿಕೆಯಾದರೆ ‘ಅನು, ಅಳು, ಎನು’ ಕೂರುತ್ತವೆ, ನಿಷೇಧವಾದರೆ ‘ಇಲ್ಲ’, ಇಲ್ಲವೇ ‘ಬೇಕು, ಬಹುದು, ಕೂಡದು’. ‘ಅವನು ಬರಬೇಕು, ಅವರು ಬರಬೇಕು’ ಎಂಬಲ್ಲಿಯೂ ಕರ್ತೃಪ್ರತ್ಯಯ ಇಲ್ಲದಿರುವುದು ಇದೇ ಕಾರಣಕ್ಕೆ. ಹಾಗಾದರೆ ‘ದ್’ ಮತ್ತು ‘ಬರುವುದು’ ಎಂಬಲ್ಲಿ ಸಿಗುವ ‘ಉವ್’ ಏನು? ಅವರ ಪ್ರಕಾರ ಅವು ಆಸ್ಪೆಕ್ಟ್ ಸೂಚಕಗಳು. ಕೆಲಸ ಮುಗಿದದ್ದೋ ಮುಗಿಯದ್ದೋ ಎಂಬುದನ್ನಷ್ಟೇ ಹೇಳುತ್ತವೆ. ನಿಷೇಧದಲ್ಲಿ ‘ಅಲ್’ ಮುಗಿದ ಬಗೆಯ ಪಾತ್ರವನ್ನೂ ‘ಉವುದು’ ಮುಗಿಯದ ಬಗೆಯ ಪಾತ್ರವನ್ನೂ ವಹಿಸುತ್ತವೆ. ಕೇಳುವವರು ಅದನ್ನೇ ಭೂತ, ಭೂತವಲ್ಲದ್ದು ಎಂದು ಗ್ರಹಿಸುತ್ತಾರೆ.

ಇದನ್ನು ಹಾಗೆಯೇ ಒಪ್ಪಬೇಡಿ. ‘ದ್’ ಭೂತಕಾಲವಲ್ಲ ಎನ್ನಲು ಸಾಕ್ಷಿ ಏನಿದೆ ಎಂದು ಒಂದೊಂದಾಗಿ ತೂಗಿ ನೋಡಿ, ಎಲ್ಲಕ್ಕೂ ಒಂದೇ ತೂಕವಿಲ್ಲ.

‘ನಾಳೆ ಮಳೆ ಬಂದರೆ’ ಎಂಬಲ್ಲಿ ನಾಳೆಯ ಮಾತಿಗೆ ‘ದ್’ ಇದೆ. ಇದು ದುರ್ಬಲ ಸಾಕ್ಷಿ. ಷರತ್ತಿನ ವಾಕ್ಯದಲ್ಲಿ ಭೂತರೂಪವನ್ನು ಕಾಲದ ಅರ್ಥವಿಲ್ಲದೆ ಬಳಸುವುದು ಇಂಗ್ಲಿಷ್, ಗ್ರೀಕ್‌ನಂಥ ಕಾಲವುಳ್ಳ ಭಾಷೆಗಳಲ್ಲೂ ಇದೆ. ಸಬೀನ್ ಇಯಾಟ್ರಿಡೌ 2000ದಲ್ಲಿ ಇದನ್ನೇ ವಿವರವಾಗಿ ಚರ್ಚಿಸಿದ್ದಾರೆ. ‘ನಾಳೆ ಮೊದಲು ಬಂದವರಿಗೆ ಚೀಟಿ ಕೊಡು’ ಎಂಬುದು ಇನ್ನಷ್ಟು ಬಲವಾಗಿ ಕಾಣುತ್ತದೆ, ಆದರೆ ಜಪಾನಿಯಲ್ಲಿಯೂ ‘ನಾಳೆ ಮೊದಲು ಬಂದವರು’ ಎನ್ನಲು ಭೂತದ ‘ತ’ ಪ್ರತ್ಯಯವನ್ನೇ ಬಳಸುತ್ತಾರೆ. ಅಲ್ಲಿನ ವಿವರಣೆ ಬೇರೆ: ಕಾಲ ಇದೆ, ಆದರೆ ಮಾತಾಡುವ ಗಳಿಗೆಗೆ ಬದಲಾಗಿ ಮುಖ್ಯಕ್ರಿಯೆಯ ಗಳಿಗೆಯಿಂದ ಅದನ್ನು ಅಳೆಯಬೇಕು, ಅಂದರೆ ಸಾಪೇಕ್ಷ ಕಾಲ. ಕೊಡುವುದಕ್ಕಿಂತ ಮೊದಲು ಬಂದಿರಬೇಕಷ್ಟೆ. ಹಾಗಾಗಿ ಈ ಉದಾಹರಣೆ ಆಸ್ಪೆಕ್ಟ್ ವಾದಕ್ಕೂ ಹೊಂದುತ್ತದೆ, ಸಾಪೇಕ್ಷ ಕಾಲದ ವಾದಕ್ಕೂ ಹೊಂದುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಂಭಾವನಾರ್ಥ. ‘ನಾಳೆ ಅವನು ಬಂದಾನು’, ‘ಹುಷಾರು, ಬಿದ್ದೀಯೆ!’ ಇವು ಪೂರ್ಣ ವಾಕ್ಯಗಳು, ಯಾವ ಷರತ್ತಿನ ಒಳಗೂ ಕುಳಿತಿಲ್ಲ, ಮೇಲಿನ ಕ್ರಿಯೆಯೊಂದರ ಆಸರೆಯೂ ಇಲ್ಲ. ಆದರೂ ‘ದ್’ ಇದೆ, ಕಾಲ ಮುಂದಿನದು. ‘ಬಂದನು’ ಮತ್ತು ‘ಬಂದಾನು’ ನಡುವಿನ ವ್ಯತ್ಯಾಸ ಇರುವುದು ಕೊನೆಯ ಪ್ರತ್ಯಯದ ಸ್ವರದಲ್ಲಿ: ಹ್ರಸ್ವವಾದರೆ ಆದ ಸಂಗತಿ, ದೀರ್ಘವಾದರೆ ಆಗಬಹುದಾದ ಸಂಗತಿ. ‘ಬಂದೆನು, ಬಂದೇನು’ ಕೂಡ ಹಾಗೆಯೇ. ಕಾಲವನ್ನು ತೀರ್ಮಾನಿಸುತ್ತಿರುವುದು ‘ದ್’ ಅಲ್ಲ, ಅದರ ಮುಂದಿನ ಜಾಗ ಎಂಬುದಕ್ಕೆ ಇದಕ್ಕಿಂತ ಸರಳ ಜೋಡಿ ಸಿಗುವುದು ಕಷ್ಟ.

ಹಳೆಯ ನಿಷೇಧರೂಪವೂ ಇಲ್ಲಿ ನೆರವಿಗೆ ಬರುತ್ತದೆ. ಬಾರೆನು, ಬಾರನು, ಬಾರಳು, ಬಾರರು. ಇಲ್ಲಿ ಧಾತುವಿಗೆ ನೇರವಾಗಿ ಕರ್ತೃಪ್ರತ್ಯಯ ಹತ್ತಿದೆ, ನಡುವೆ ಕಾಲಸೂಚಕ ಇಲ್ಲವೇ ಇಲ್ಲ. ಆದರೂ ವಾಕ್ಯ ಪೂರ್ಣ. ಇದು ಬರೀ ಹಳಗನ್ನಡದ ಸರಕಲ್ಲ. ‘ಅರಿಯೆ’, ‘ಕಾಣೆ’ ಇನ್ನೂ ಬಳಕೆಯಲ್ಲಿವೆ, ನಿಮ್ಮ ಕಡೆ ‘ಒಲ್ಲೆ’ ದಿನವೂ ಕಿವಿಗೆ ಬೀಳುವ ಮಾತು. ಕಾಲವೇ ಇಲ್ಲದೆ ಪೂರ್ಣವಾಗುವ ಕ್ರಿಯಾಪದ ಭಾಷೆಯಲ್ಲಿ ಇದೆ ಎಂದಮೇಲೆ, ಪೂರ್ಣತೆಗೆ ಕಾಲ ಬೇಕೇಬೇಕು ಎನ್ನಲು ಆಗುವುದಿಲ್ಲ.

ಇನ್ನು ಎದುರು ವಾದ. ಡಿ.ಎನ್. ಶಂಕರ ಭಟ್ಟರು 1999ರ ತಮ್ಮ ತೌಲನಿಕ ಅಧ್ಯಯನದಲ್ಲಿ ಭಾಷೆಗಳನ್ನು ಕಾಲಪ್ರಧಾನ, ಆಸ್ಪೆಕ್ಟ್‌ಪ್ರಧಾನ, ಅರ್ಥಪ್ರಧಾನ ಎಂದು ವಿಂಗಡಿಸಿ, ಕನ್ನಡವನ್ನು ಕಾಲಪ್ರಧಾನ ಗುಂಪಿಗೇ ಸೇರಿಸಿದರು. ಮಲಯಾಳದ ಬಗ್ಗೆ ಅಮಾಂಡಾ ಸ್ವೆನ್ಸನ್ 2017ರ ಎಂಐಟಿ ಮಹಾಪ್ರಬಂಧದಲ್ಲಿ ಅಲ್ಲಿ ಕಾಲ ಇದೆ ಎಂದೇ ವಾದಿಸಿದ್ದಾರೆ. ಇವರ ಕಡೆಯೂ ಗಟ್ಟಿಯಾದ ಸಂಗತಿಗಳಿವೆ. ‘ಅವನಿಗೆ ಜ್ವರ ಇದೆ’ ಎಂದರೆ ಈಗ ಮಾತ್ರ. ‘ನಿನ್ನೆ ಅವನಿಗೆ ಜ್ವರ ಇದೆ’ ಎಂದು ಯಾರೂ ಹೇಳರು, ‘ಇತ್ತು’ ಎನ್ನಲೇಬೇಕು. ‘ನಿನ್ನೆ ಮನೆಯಲ್ಲಿ ಯಾರೂ ಇಲ್ಲ’ ಕೂಡ ನಡೆಯದು, ‘ಇರಲಿಲ್ಲ’ ಬೇಕು. ನಿಜವಾಗಿ ಕಾಲದ ಗುರುತಿಲ್ಲದ ಭಾಷೆಯ ನಡವಳಿಕೆ ಹೀಗಿರುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಲಿಲೂಯೆಟ್ ಭಾಷೆಯಲ್ಲಿ ಗುರುತಿಲ್ಲದ ಅದೇ ಕ್ರಿಯಾಪದ ಸಂದರ್ಭ ನೋಡಿಕೊಂಡು ನಿನ್ನೆಗೂ ಆಗುತ್ತದೆ, ಈಗಿಗೂ ಆಗುತ್ತದೆ. ನಾಳೆಗೆ ಮಾತ್ರ ಬೇರೊಂದು ಪದ ಬೇಕು. ಲೀಸಾ ಮ್ಯಾಥ್ಯೂಸನ್ 2006ರಲ್ಲಿ ಇದನ್ನು ತೋರಿಸಿ, ಅಲ್ಲಿಯೂ ಉಚ್ಚಾರವಿಲ್ಲದ ಒಂದು ಕಾಲಸೂಚಕ ಇದೆ, ಅದರ ಅರ್ಥ ‘ಭವಿಷ್ಯವಲ್ಲದ್ದು’ ಎಂದರು. ಪರಗ್ವೆಯ ಗ್ವಾರಾನಿ ಮೇಲ್ನೋಟಕ್ಕೆ ಬಹುಪಾಲು ಹಾಗೆಯೇ ನಡೆದುಕೊಳ್ಳುತ್ತದೆ. ಆದರೆ ಜೂಡಿತ್ ಟೊನ್‌ಹೌಸರ್ 2011ರಲ್ಲಿ ಅಲ್ಲಿ ಅಡಗಿದ ಕಾಲಸೂಚಕವನ್ನೂ ಊಹಿಸಬೇಕಿಲ್ಲ, ಅದು ಕಾಲವಿಲ್ಲದ ಭಾಷೆಯೇ ಎಂಬ ತೀರ್ಮಾನಕ್ಕೆ ಬಂದರು. ಒಂದೇ ಬಗೆಯ ವಾಕ್ಯಗಳಿಂದ ಎರಡು ತೀರ್ಮಾನ ಹೇಗೆ ಹೊರಟವು ಎಂಬುದನ್ನು ತಿಳಿಯಲು ಈ ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ಓದಿ, ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಆದ್ದರಿಂದ ‘ಕನ್ನಡಕ್ಕೆ ಕಾಲವಿಲ್ಲ’ ಎಂಬ ಮಾತನ್ನು ನಿಮ್ಮ ಪ್ರಬಂಧದಲ್ಲಿ ಬರೆಯಬೇಡಿ. ಅದರೊಳಗೆ ಎರಡು ಬೇರೆ ಹೇಳಿಕೆಗಳು ಕಲಸಿಹೋಗಿವೆ. ಒಂದು, ಕನ್ನಡದ ಮುಖ್ಯವಾಕ್ಯಗಳು ಹಿಂದಿನದು ಮತ್ತು ಹಿಂದಿನದಲ್ಲದ್ದು ಎಂಬ ಭೇದ ಮಾಡುವುದಿಲ್ಲ, ಇದು ಸುಳ್ಳು. ಇನ್ನೊಂದು, ಕನ್ನಡದಲ್ಲಿ ವಾಕ್ಯವನ್ನು ಪೂರ್ಣಗೊಳಿಸುವ ಜಾಗ ಕಾಲದ್ದಲ್ಲ. ಇದು ಗಂಭೀರವಾಗಿ ಪರಿಗಣಿಸಬೇಕಾದ ವಾದ, ಮತ್ತು ಅದಕ್ಕೆ ಕನ್ನಡದಾಚೆಯೂ ಜತೆಗಾರರಿದ್ದಾರೆ. ಎಲಿಜಬೆತ್ ರಿಟ್ಟರ್ ಮತ್ತು ಮಾರ್ಟಿನಾ ವಿಲ್ಚ್ಕೊ ಉತ್ತರ ಅಮೆರಿಕದ ಎರಡು ಭಾಷೆಗಳನ್ನಿಟ್ಟುಕೊಂಡು, ಆ ಜಾಗವನ್ನು ಬ್ಲ್ಯಾಕ್‌ಫುಟ್ ಭಾಷೆ ಪುರುಷದಿಂದಲೂ ಹಾಲ್ಕೊಮೆಲೆಮ್ ಭಾಷೆ ಇಲ್ಲಿ-ಅಲ್ಲಿ ಎಂಬ ಸ್ಥಳದಿಂದಲೂ ತುಂಬುತ್ತವೆ ಎಂದು ವಾದಿಸಿದ್ದಾರೆ. ಅವರ 2014ರ ಲೇಖನವೂ ಅಮೃತವಲ್ಲಿಯವರ ಅದೇ ವರ್ಷದ ಲೇಖನವೂ ಒಟ್ಟಿಗೆ ಓದಬೇಕಾದವು.

ಈ ವಾದಕ್ಕೆ ದೊಡ್ಡ ಪರೀಕ್ಷೆ ಅಕ್ಕಪಕ್ಕದ ಭಾಷೆಗಳೇ. ತೆಲುಗಿನ ‘ರಾಲೇದು’ ನಮ್ಮ ‘ಬರಲಿಲ್ಲ’ದಂತೆ: ಭೂತ, ಕರ್ತೃಪ್ರತ್ಯಯ ಇಲ್ಲ. ಆದರೆ ‘ಬರುವುದಿಲ್ಲ’ಕ್ಕೆ ತೆಲುಗು ಹಳೆಯ ನಿಷೇಧರೂಪವನ್ನೇ ಉಳಿಸಿಕೊಂಡಿದೆ: ರಾನು, ರಾಡು, ರಾರು. ತಮಿಳಿನ ‘ವರವಿಲ್ಲೈ’ ಕಟ್ಟಡದಲ್ಲಿ ಪೂರಾ ‘ಬರಲಿಲ್ಲ’ವೇ, ಆದರೆ ಅರ್ಥ ‘ಬರಲಿಲ್ಲ’ವೂ ಆಗಬಹುದು, ‘ಬರುತ್ತಿಲ್ಲ’ವೂ ಆಗಬಹುದು, ಭವಿಷ್ಯಕ್ಕೆ ‘ವರಮಾಟ್ಟಾನ್’ ಎಂಬ ಬೇರೆ ರೂಪವಿದೆ. ಒಂದೇ ತುಂಡುಗಳು, ಎರಡು ಭಾಷೆ, ಬೇರೆ ಬೇರೆ ಕಾಲವ್ಯಾಪ್ತಿ. ಅಂದಮೇಲೆ ‘ಅಲ್’ ಪ್ರತ್ಯಯವೇ ಭೂತವನ್ನು ಹೊತ್ತು ತರುತ್ತದೆ ಎನ್ನುವುದು ಕಷ್ಟ. ಕನ್ನಡದಲ್ಲಿ ‘ಬರುತ್ತಿಲ್ಲ’, ‘ಬರುವುದಿಲ್ಲ’ ತಮ್ಮ ತಮ್ಮ ಪಾಲು ಹಂಚಿಕೊಂಡ ಮೇಲೆ ‘ಬರಲಿಲ್ಲ’ಕ್ಕೆ ಉಳಿದದ್ದು ಭೂತ ಎಂಬ ಇನ್ನೊಂದು ವಿವರಣೆಯೂ ಸಾಧ್ಯ, ಅದನ್ನು ಪರೀಕ್ಷಿಸುವುದೇ ಒಂದು ಪ್ರಬಂಧಕ್ಕೆ ಸಾಕು.

ತುಳು ಈ ವಾದವನ್ನು ನಿಜವಾಗಿ ಕಾಡುತ್ತದೆ. ‘ಯಾನ್ ಬತ್ತಿಜಿ’, ‘ಆಯೆ ಬತ್ತಿಜೆ’, ‘ಆರ್ ಬತ್ತಿಜೆರ್’. ಇಲ್ಲಿ ‘ಬತ್ತ್’ ಎಂಬ ಭೂತದ ಅಂಗವಿದೆ, ನಿಷೇಧದ ‘ಜ’ ಇದೆ, ಅದರ ಮೇಲೆ ಕರ್ತೃಪ್ರತ್ಯಯವೂ ಇದೆ. ನಿಷೇಧ ಮತ್ತು ಕರ್ತೃಪ್ರತ್ಯಯ ಒಂದೇ ಜಾಗಕ್ಕೆ ಜಗಳವಾಡುತ್ತವೆ ಎನ್ನುವ ನಿಯಮ ತುಳುವಿಗೆ ಹಾಗೆಯೇ ಹೊಂದುವುದಿಲ್ಲ. ಫಿನ್ನಿಶ್‌ನಲ್ಲೂ ನಿಷೇಧ ಸ್ವತಃ ಕ್ರಿಯಾಪದವಾಗಿ ಪುರುಷಪ್ರತ್ಯಯ ಹೊರುತ್ತದೆ: ‘ಎನ್ ತುಲೆ’ ಎಂದರೆ ನಾನು ಬರುವುದಿಲ್ಲ, ‘ಎನ್ ತುಲ್ಲುತ್’ ಎಂದರೆ ನಾನು ಬರಲಿಲ್ಲ. ಪುರುಷ ‘ಎನ್’ ಮೇಲೆ, ಕಾಲ ಮುಖ್ಯಕ್ರಿಯೆಯ ಕೃದಂತದ ಮೇಲೆ. ನಿಷೇಧ ಬಂದಾಗ ಕ್ರಿಯಾಪದದ ಕಟ್ಟಡವೇ ಬದಲಾಗುವುದು ಕನ್ನಡದ ವಿಚಿತ್ರವಲ್ಲ. ಮಟ್ಟಿ ಮಿಯೆಸ್ತಾಮೊ 297 ಭಾಷೆಗಳನ್ನು ಹೋಲಿಸಿ, ಇಂಥ ಅಸಮ ನಿಷೇಧ ಜಗತ್ತಿನಲ್ಲಿ ವ್ಯಾಪಕವಾಗಿದೆ ಎಂದು ತೋರಿಸಿದ್ದಾರೆ.

‘ಇಲ್ಲ’ ವಾಕ್ಯದ ಮೇಲಿನ ಜಾಗದಲ್ಲಿದೆ ಎನ್ನಲು ಇನ್ನೊಂದು ದಿಕ್ಕಿನಿಂದಲೂ ಸಾಕ್ಷಿ ಇದೆ, ಅದು ಮಕ್ಕಳಿಂದ ಬಂದದ್ದು. ‘ನಾನು ಎರಡು ಪುಸ್ತಕ ಓದಲಿಲ್ಲ’ ಎಂದರೆ ಎರಡು ಪುಸ್ತಕ ಓದದೆ ಉಳಿದವು ಎಂದೂ ಆಗಬಹುದು, ಓದಿದ್ದು ಎರಡಲ್ಲ (ಒಂದೋ ಸೊನ್ನೆಯೋ) ಎಂದೂ ಆಗಬಹುದು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಇಂಥ ವಾಕ್ಯಗಳನ್ನು ನಾಲ್ಕು ವರ್ಷದ ಇಂಗ್ಲಿಷ್ ಮತ್ತು ಕನ್ನಡ ಮಕ್ಕಳ ಮುಂದಿಟ್ಟರು. ದೊಡ್ಡವರು ಎರಡೂ ಅರ್ಥ ಒಪ್ಪಿದರು. ಎರಡೂ ಭಾಷೆಯ ಮಕ್ಕಳು ಎರಡನೆಯ ಅರ್ಥಕ್ಕೇ ಅಂಟಿಕೊಂಡರು. ಇಂಗ್ಲಿಷಿನಲ್ಲಿ ನಿಷೇಧ ಮೊದಲು, ಸಂಖ್ಯೆ ಆಮೇಲೆ. ಕನ್ನಡದಲ್ಲಿ ಸಂಖ್ಯೆ ಮೊದಲು, ನಿಷೇಧ ಕೊನೆಗೆ. ಮಕ್ಕಳು ಪದಗಳ ಸಾಲನ್ನು ನೆಚ್ಚಿಕೊಂಡಿದ್ದರೆ ಎರಡು ಭಾಷೆಗಳ ಮಕ್ಕಳು ಬೇರೆ ಬೇರೆ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಅವರು ನೆಚ್ಚಿಕೊಂಡದ್ದು ಕಟ್ಟಡವನ್ನು: ವಾಕ್ಯದ ಕಟ್ಟಡದಲ್ಲಿ ಎರಡೂ ಭಾಷೆಗಳ ನಿಷೇಧ ಸಂಖ್ಯೆಗಿಂತ ಮೇಲಿದೆ. ಇಂಗ್ಲಿಷ್ ಒಂದರಿಂದ ಸಾಲು, ಕಟ್ಟಡ ಎರಡನ್ನೂ ಬೇರ್ಪಡಿಸಲು ಸಾಧ್ಯವೇ ಇರಲಿಲ್ಲ, ಕನ್ನಡ ಬೇಕಾಯಿತು.

ಈಗ ನಿಮ್ಮ ಕೆಲಸ. ಮೊದಲ ವಾರ ರೂಪಪಟ್ಟಿ ಮಾಡಿ. ಎಂಟು ಧಾತುಗಳು ಸಾಕು: ಬರು, ಹೋಗು, ತಿನ್ನು, ಮಾಡು, ಬೀಳು, ನಿಲ್ಲು, ಇರು, ಮತ್ತು ರೂಪಗಳು ಪೂರ್ತಿ ಇಲ್ಲದ ‘ಗೊತ್ತು’. ಘಟನೆ ಮತ್ತು ಸ್ಥಿತಿ ಎರಡೂ ಬೇಕು, ಏಕೆಂದರೆ ಆಸ್ಪೆಕ್ಟ್ ಮತ್ತು ಕಾಲ ಬೇರೆಯಾಗಿ ಕಾಣುವುದು ಸ್ಥಿತಿಸೂಚಕಗಳಲ್ಲೇ. ಪ್ರತಿಯೊಂದಕ್ಕೂ ನಿಮ್ಮ ಮನೆಮಾತಿನ ರೂಪ ಬರೆಯಿರಿ: ಬರ್ಲಿಲ್ಲ, ಬರಂಗಿಲ್ಲ, ಬಂದಿಲ್ಲ, ಬರಾಕತ್ತಿಲ್ಲ, ಒಲ್ಲೆ. ಪುಸ್ತಕದ ‘ಬರುವುದಿಲ್ಲ’ವನ್ನು ಕೇಳಿದರೆ ಉತ್ತರ ಶಾಲೆಯ ವ್ಯಾಕರಣದಿಂದ ಬರುತ್ತದೆ, ಮನೆಯಿಂದಲ್ಲ. ‘ಬರಂಗಿಲ್ಲ’ದ ಬಗ್ಗೆ ಒಂದು ಎಚ್ಚರಿಕೆ: ಮೈಸೂರು ಕಡೆಯವರ ಕಿವಿಗೆ ಅದು ‘ಬರುವ ಹಾಗಿಲ್ಲ’, ಅಂದರೆ ಬರಕೂಡದು ಎಂದು ಕೇಳಿಸಬಹುದು. ಮಾಹಿತಿದಾರರ ಊರು, ಬಾಲ್ಯ ಕಳೆದ ಜಾಗ ಎರಡನ್ನೂ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ‘ಬರಲ್ಲ’ ಕೂಡ ಹಾಗೇ ಮೋಸ ಮಾಡುತ್ತದೆ. ನೋಡಲು ‘ಬರಲಿಲ್ಲ’ದ ಮೊಟಕು ರೂಪದಂತಿದೆ, ಅರ್ಥ ಮಾತ್ರ ‘ಬರುವುದಿಲ್ಲ’ದ್ದು. ಶಬ್ದ ನೋಡಿ ತುಂಡು ಮಾಡಬೇಡಿ.

ಗ್ಲಾಸ್ ಸಾಲಿನಲ್ಲಿ, ಅಂದರೆ ಉದಾಹರಣೆಯ ಕೆಳಗೆ ಒಂದೊಂದು ತುಂಡಿನ ಅರ್ಥ ಬರೆಯುವ ಸಾಲಿನಲ್ಲಿ, ‘ದ್’ ಕೆಳಗೆ ‘ಭೂತ’ ಎಂದು ಬರೆದುಬಿಟ್ಟರೆ ಕೇಳಬೇಕಾದ ಪ್ರಶ್ನೆಗೆ ಉತ್ತರವನ್ನು ಆಗಲೇ ಕೊಟ್ಟಂತೆ. ‘ದ್’ ಎಂದೇ ಬಿಡಿ, ಅಥವಾ ಪ್ರ1, ಪ್ರ2 (ಪ್ರತ್ಯಯ 1, ಪ್ರತ್ಯಯ 2) ಎಂದು ಗುರುತು ಹಾಕಿ.

ಎರಡನೆಯ ಹಂತ ಸಂದರ್ಭಸಹಿತ ಪ್ರಶ್ನೆ. ಮ್ಯಾಥ್ಯೂಸನ್ 2004ರಲ್ಲಿ ಅರ್ಥದ ಕ್ಷೇತ್ರಕಾರ್ಯಕ್ಕೆ ಹಾಕಿಕೊಟ್ಟ ಕ್ರಮವನ್ನೇ ಅನುಸರಿಸಿ: ಮೊದಲು ಸಂದರ್ಭ ಹೇಳಿ, ಆಮೇಲೆ ವಾಕ್ಯ ಹೇಳಿ, ಆ ಸಂದರ್ಭದಲ್ಲಿ ಈ ಮಾತು ಆಡಬಹುದೇ ಎಂದಷ್ಟೇ ಕೇಳಿ. ‘ಇದು ಸರಿನಾ?’ ಎಂದು ಕೇಳಿದರೆ ಜನ ಪರೀಕ್ಷೆಗೆ ಕೂತವರಂತೆ ಗ್ರಂಥಸ್ಥ ಕನ್ನಡದ ತೀರ್ಪು ಕೊಡುತ್ತಾರೆ. ‘ಇದರ ಅರ್ಥವೇನು?’ ಎಂದರೆ ಎರಡು ಅರ್ಥಗಳಲ್ಲಿ ಮೊದಲು ಹೊಳೆದದ್ದನ್ನು ಹೇಳಿ ಸುಮ್ಮನಾಗುತ್ತಾರೆ, ಇನ್ನೊಂದು ಇಲ್ಲವೆಂದು ನೀವು ತಪ್ಪಾಗಿ ಬರೆದುಕೊಳ್ಳುತ್ತೀರಿ.

ನಾನು ತಪ್ಪದೆ ಸೇರಿಸುವ ವಾಕ್ಯಗಳು ಇವು; ನಿಮ್ಮ ಮಾತಿಗೆ ಬದಲಿಸಿಕೊಳ್ಳಿ. ನಿಲ್ದಾಣದಲ್ಲಿ ಕಾಯುತ್ತಾ ‘ಬಸ್ಸು ಇನ್ನೂ ಬರಲಿಲ್ಲ’ ಮತ್ತು ‘ಇನ್ನೂ ಬಂದಿಲ್ಲ’: ಮೊದಲನೆಯದನ್ನೂ ಒಪ್ಪುವವರಿಗೆ ‘ಅಲ್’ ಬರೀ ಕಳೆದುಹೋದ ಕಾಲವಲ್ಲ. ‘ನಿನ್ನೆ ಅವನು ಬಂದಿಲ್ಲ’: ಇಲ್ಲಿ ಜನ ಒಡೆಯುತ್ತಾರೆ, ಯಾರು ಎಲ್ಲಿಯವರು ಎಂಬುದು ಮುಖ್ಯ. ‘ನಾಳೆ ಅವನು ಬರಲಿಲ್ಲ ಅಂದರೆ ನಾನೇ ಹೋಗುತ್ತೇನೆ’: ಒಪ್ಪುತ್ತಾರೆ, ‘ನಾಳೆ ಅವನು ಬರಲಿಲ್ಲ’ ಎಂದಷ್ಟೇ ಹೇಳಿದರೆ ಒಪ್ಪರು. ‘ಆಗ ಅವರು ಹೆಡ್‌ಮಾಸ್ತರು’: ಕ್ರಿಯಾಪದವೇ ಇಲ್ಲದ ವಾಕ್ಯ ಹಿಂದಿನ ಕಾಲಕ್ಕೆ ಒಗ್ಗುತ್ತದೆಯೇ ನೋಡಿ. ಇದನ್ನು ಕಥೆ ಹೇಳುವ ಧಾಟಿಯಲ್ಲಿ ಕೇಳಬೇಡಿ. ಕಥೆಯಲ್ಲಿ ಹಿಂದಿನದನ್ನೂ ವರ್ತಮಾನದಲ್ಲಿ ಹೇಳುವ ರೂಢಿ ಇರುವುದರಿಂದ ಫಲಿತಾಂಶ ಕೆಡುತ್ತದೆ.

ಒಳವಾಕ್ಯಗಳಲ್ಲಿ ಹೊಸಬರು ಹೆಚ್ಚಾಗಿ ಎಡವುವುದು ‘ನಿನ್ನೆ’ಯ ಜಾಗದಲ್ಲಿ. ‘ನಿನ್ನೆ ಅವನು ಬರುವುದಿಲ್ಲ ಅಂತ ಹೇಳಿದ’ ಎಂಬಲ್ಲಿ ‘ನಿನ್ನೆ’ ಹೇಳಿದ್ದಕ್ಕೆ ಹೊಂದಿಕೊಂಡು ವಾಕ್ಯ ಪಾಸಾಗುತ್ತದೆ. ಹೇಳುವವರನ್ನು ಮೊದಲಿಟ್ಟು, ಕಾಲಸೂಚಕ ಪದವನ್ನು ಒಳಗಿನ ಕ್ರಿಯೆಗೆ ಒತ್ತಿ ಇಡಿ: ‘ಮೇಷ್ಟ್ರು, ರವಿ ನಿನ್ನೆ ಬರುವುದಿಲ್ಲ ಅಂತ ಹೇಳಿದರು.’

ನಾಲ್ಕೈದು ಜನರ ಜತೆ ಇಷ್ಟು ಮಾಡಿದರೆ ಸ್ಪಷ್ಟ ವ್ಯತ್ಯಾಸಗಳು ಹೊರಬೀಳುತ್ತವೆ, ಅದಕ್ಕೆ ದೊಡ್ಡ ಪ್ರಯೋಗ ಬೇಡ. ಪ್ರತಿಷ್ಠಿತ ಪತ್ರಿಕೆಯೊಂದರ ಹತ್ತು ವರ್ಷದ ಉದಾಹರಣೆಗಳಿಂದ ಆಯ್ದ ಜೋಡಿಗಳನ್ನು ಜಾನ್ ಸ್ಪ್ರೌಸ್ ಮತ್ತು ಜತೆಗಾರರು 2013ರಲ್ಲಿ ಪ್ರಯೋಗಕ್ಕೆ ಒಡ್ಡಿದಾಗ ಭಾಷಾವಿಜ್ಞಾನಿಗಳ ಸ್ವಂತ ತೀರ್ಪಿಗೂ ಪ್ರಯೋಗಕ್ಕೂ ಸುಮಾರು 95 ಶೇಕಡ ಹೊಂದಿಕೆ ಸಿಕ್ಕಿತು. ‘ನಿನ್ನೆ ಬಂದಿಲ್ಲ’ದಂಥ, ಜನ ಒಡೆಯುವ ವಾಕ್ಯಗಳಿಗೆ ಮಾತ್ರ ಎಣಿಕೆ ಬೇಕು. ಅಂಥಲ್ಲಿ ಎರಡು-ಎರಡರ ವಿನ್ಯಾಸ ಮಾಡಿ. ‘ಬರಲಿಲ್ಲ’ಕ್ಕೆ ಹೀಗಾಗಬಹುದು: ಜಾಗ (ಮುಖ್ಯವಾಕ್ಯ ಅಥವಾ ‘ಅಂದರೆ’ಯ ಒಳಗೆ) ಮತ್ತು ಹೊತ್ತು (ನಿನ್ನೆ ಅಥವಾ ನಾಳೆ). 24 ವಾಕ್ಯಗುಚ್ಛ (ಒಂದೇ ವಾಕ್ಯದ ನಾಲ್ಕು ರೂಪ ಸೇರಿ ಒಂದು ಗುಚ್ಛ) ಬರೆದು ನಾಲ್ಕು ಪಟ್ಟಿಗಳಿಗೆ ಹಂಚಿ. ಪ್ರತಿಯೊಬ್ಬರೂ ಒಂದು ಗುಚ್ಛದ ಒಂದೇ ರೂಪ ನೋಡಬೇಕು, ಪ್ರತಿ ಬಗೆಯಲ್ಲಿ ಆರು ವಾಕ್ಯ ಸಿಗಬೇಕು. ಜತೆಗೆ ಕಡಿಮೆಯೆಂದರೆ 24 ಬೇರೆ ವಾಕ್ಯಗಳನ್ನು ನಡುನಡುವೆ ಸೇರಿಸಿ, ಅವುಗಳಲ್ಲಿ ಅರ್ಧ ಸ್ಪಷ್ಟವಾಗಿ ಕೆಟ್ಟವಿರಲಿ. ಇಲ್ಲದಿದ್ದರೆ ಜನ ಒಂದರಿಂದ ಐದರ ಅಳತೆಯಲ್ಲಿ ಎಲ್ಲಕ್ಕೂ ನಾಲ್ಕು, ಐದು ಅಂಕ ಕೊಟ್ಟು ಎದ್ದು ಹೋಗುತ್ತಾರೆ. ಓದಿಸುವ ಬದಲು ಧ್ವನಿಮುದ್ರಣ ಕೇಳಿಸಿ, ಅದೂ ನಿಮ್ಮ ಕಡೆಯ ಧ್ವನಿಯಲ್ಲಿ. ಬರಹ ಕಂಡ ಕೂಡಲೇ ಕಿವಿ ಪುಸ್ತಕದ ಕಡೆ ವಾಲುತ್ತದೆ. ಒಂದೇ ಮಾದರಿ ಇಪ್ಪತ್ತು ಸಲ ಕಿವಿಗೆ ಬಿದ್ದರೆ ಕೆಟ್ಟ ವಾಕ್ಯವೂ ಒಗ್ಗತೊಡಗುವುದರಿಂದ ಪ್ರತಿಯೊಬ್ಬರಿಗೂ ಕ್ರಮ ಬದಲಿಸಿ.

ಭಾಗವಹಿಸುವವರ ಸಂಖ್ಯೆ ನಾಲ್ಕರ ಗುಣಕದಲ್ಲಿರಲಿ, 32 ಜನ ಸಿಕ್ಕರೆ ಒಳ್ಳೆಯದು. ಒಂದರಿಂದ ಐದರ ಅಂಕಗಳಿಗೆ ಸರಾಸರಿ ತೆಗೆದು ಬಿಡಬೇಡಿ. ಆರ್ ತಂತ್ರಾಂಶದಲ್ಲಿ ಶ್ರೇಣಿಯ ಅಂಕಗಳಿಗೆಂದೇ ಇರುವ ಆರ್ಡಿನಲ್ ಮಾದರಿ ಬಳಸಿ, ವ್ಯಕ್ತಿಗೂ ವಾಕ್ಯಕ್ಕೂ ಪ್ರತ್ಯೇಕ ಯಾದೃಚ್ಛಿಕ ಅಂಶ (ವ್ಯಕ್ತಿಯಿಂದ ವ್ಯಕ್ತಿಗೆ, ವಾಕ್ಯದಿಂದ ವಾಕ್ಯಕ್ಕೆ ಇರುವ ಏರುಪೇರಿನ ಲೆಕ್ಕ) ಕೊಡಿ. ನೀವು ನೋಡಬೇಕಾದದ್ದು ಜಾಗ ಮತ್ತು ಹೊತ್ತಿನ ಪರಸ್ಪರ ಪರಿಣಾಮ. ಮುಖ್ಯವಾಕ್ಯದಲ್ಲಿ ‘ನಾಳೆ’ ಬಿದ್ದುಹೋಗಿ, ‘ಅಂದರೆ’ಯೊಳಗೆ ಎದ್ದು ನಿಂತರೆ, ‘ಬರಲಿಲ್ಲ’ದ ಭೂತಕಾಲ ‘ಅಲ್’ ಒಳಗೆ ಗಟ್ಟಿಯಾಗಿ ಕೂತಿಲ್ಲ ಎಂದಾಯಿತು. ಅದು ಸಾಪೇಕ್ಷ ಕಾಲವೋ ಆಸ್ಪೆಕ್ಟೋ ಎಂಬುದನ್ನು ಮಾತ್ರ ಈ ಒಂದು ಪ್ರಯೋಗ ತೀರ್ಮಾನಿಸಲಾರದು. ಅದಕ್ಕೆ ‘ಇನ್ನೂ ಬರಲಿಲ್ಲ’, ‘ಇರಲಿಲ್ಲ’ ಮತ್ತು ‘ಗೊತ್ತಿರಲಿಲ್ಲ’ಗಳ ಉತ್ತರಗಳನ್ನು ಪಕ್ಕದಲ್ಲಿಟ್ಟು ಓದಬೇಕು. ಸಮಯ ಉಳಿದರೆ ‘ಒಲ್ಲೆ’ಗೂ ಇದೇ ನಾಲ್ಕು ವಾಕ್ಯ ಕೇಳಿಸಿ. ಅದರ ನಿಷೇಧದ ಮೇಲೆ ಕರ್ತೃಪ್ರತ್ಯಯ ಇನ್ನೂ ಉಳಿದಿದೆ, ಆದ್ದರಿಂದ ಅದು ‘ಬರ್ಲಿಲ್ಲ’ದಂತೆ ನಡೆದುಕೊಳ್ಳುತ್ತದೋ ಬೇರೆಯೋ ಎಂಬುದು ತುಳುವಿನ ‘ಬತ್ತಿಜಿ’ ಎತ್ತಿದ ಪ್ರಶ್ನೆಗೆ ನೇರವಾಗಿ ತಾಗುತ್ತದೆ.